ಇದೇ ಫೈನಲ್, ದೇವರಾಣೆ

ಮುಂಬೈಯಲ್ಲಿ ಸಿನಿಮಾದ ದುಡ್ಡು ಮಲಗುವುದು ಅಂಧೇರಿಯಲ್ಲಿ, ಸಿನಿಮಾದ ಬೆನ್ನುನೋವು ಮಲಗುವುದು ಬದಲಾಪುರದಲ್ಲಿ. ಮಲಾಡಿನ ಸ್ಟುಡಿಯೊಕ್ಕಾಗಿ ಕಾರ್ಟೂನ್ ಆನೆಗೆ ಬಣ್ಣ ತುಂಬುವ ಹುಡುಗನ ಸಂಬಳಕ್ಕೆ ಆ ಆನೆ ಒಂದು ಕಾಲು ಊರುವಷ್ಟು ಜಾಗವೂ ಮಲಾಡಿನಲ್ಲಿ ಬಾಡಿಗೆಗೆ ಸಿಗುವುದಿಲ್ಲ. ಹಾಗಾಗಿ ಅವನು ಠಾಣೆ ದಾಟಿ, ಡೊಂಬಿವಲಿ ದಾಟಿ, ಕಲ್ಯಾಣ ದಾಟಿ, ಸಿಎಸ್‌ಎಂಟಿಯಿಂದ 68 ಕಿಲೋಮೀಟರ್ ದೂರಕ್ಕೆ ಬಂದು ಇಳಿಯುತ್ತಾನೆ. ಕೊರೊನಾ ಬಂದುಹೋದ ಮೇಲೆ ಇನ್ನೊಂದು ಅನುಕೂಲವಾಯಿತು. ಹುಡುಗ ಮನೆಯಲ್ಲೇ ಉಳಿದ, ಆನೆ ಅಪ್-ಡೌನ್ ಮಾಡತೊಡಗಿತು. ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುತ್ತದೆ, ಮಧ್ಯಾಹ್ನ ಡ್ರೈವ್ ಲಿಂಕಿನಲ್ಲಿ ಹೋಗುತ್ತದೆ, ರಾತ್ರಿ ಯಾರದೋ ಬ್ಯಾಗಿನ ಹಾರ್ಡ್ ಡಿಸ್ಕಿನೊಳಗೆ ಕೂತು ಫಾಸ್ಟ್ ಲೋಕಲ್ ಹಿಡಿಯುತ್ತದೆ. ಕೂತು ಎಂದೆ, ಆ ಗಾಡಿಯಲ್ಲಿ ಕೂತು ಬರುವ ಭಾಗ್ಯ ಆನೆಗೆ ಮಾತ್ರ.

ಆ ಡಿಸ್ಕ್ ತೆರೆದರೆ ದಶಾವತಾರವೂ ನಾಚಬೇಕು. ಆನೆ_ಫೈನಲ್. ಆನೆ_ಫೈನಲ್_2. ಆನೆ_ಫೈನಲ್_ಸರ್_ಹೇಳಿದ್ದು. ಆನೆ_ಫೈನಲ್_ಸರ್_ಹೇಳಿದ್ದು_ಬಿಟ್ಟು. ಆನೆ_ಕಾಪಿ_ಆಫ್_ಫೈನಲ್. ಆನೆ_ಇದೇ_ಫೈನಲ್. ಆನೆ_ಇದೇ_ಫೈನಲ್_ದೇವರಾಣೆ. ಇವುಗಳಲ್ಲಿ ಟೀವಿಯಲ್ಲಿ ಬಂದ ಆನೆ ಯಾವುದು ಎಂದು ಕೇಳಬೇಡಿ. ಮಾಡಿದವನಿಗೆ ಗೊತ್ತಿಲ್ಲ, ಮಾಡಿಸಿದವನಿಗೂ ಗೊತ್ತಿಲ್ಲ. ದೇವರ ಮೇಲೆ ಆಣೆ ಹಾಕಿರುವುದರಿಂದ ಅವನಿಗಾದರೂ ಗೊತ್ತಿರಬಹುದು.

ಪಕ್ಕದ ಅಂಬರನಾಥದ ಶಿವಾಲಯದಲ್ಲಿ ಒಂದು ಶಾಸನ ಇದೆ. ಶಿಲಾಹಾರ ದೊರೆ ಮುಮ್ಮುಣಿಯ ಕಾಲದ್ದು, ಶಕ ವರ್ಷ 982, ಅಂದರೆ ಕ್ರಿ.ಶ. 1060. ಸಾವಿರ ವರ್ಷ ಆಗುತ್ತ ಬಂದರೂ ಯಾರ ಆಳ್ವಿಕೆ, ಯಾವ ವರ್ಷ ಎಂಬುದು ಕಲ್ಲಿನ ಮೇಲೆ ಇದೆ. ಅಲ್ಲಿಂದ ಒಂದು ಸ್ಟೇಷನ್ ಮುಂದೆ ಬಂದರೆ, ಮೊನ್ನೆ ಮಂಗಳವಾರ ಆನೆಯ ಸೊಂಡಿಲನ್ನು ಗಿಡ್ಡ ಮಾಡಿದ್ದು ಯಾರು ಎಂದು ಹೇಳಬಲ್ಲವರು ಒಬ್ಬರೂ ಇಲ್ಲ.

ಈ ರೋಗಕ್ಕೆ ಮದ್ದು ಇಲ್ಲವೇ ಎಂದರೆ, ಇದೆ. ಹೆಸರು ವರ್ಷನ್ ಕಂಟ್ರೋಲ್. ಫೈಲನ್ನು ಯಾರು ಬದಲಿಸಿದರು, ಯಾವಾಗ, ಏನನ್ನು ಎಂದು ಯಂತ್ರ ಬರೆದಿಡುತ್ತದೆ. ಏಕೆ ಎಂದು ಒಂದು ಸಾಲು ನೀವು ಬರೆಯಬೇಕು. ಹಳೆಯದು ಬೇಕೆಂದರೆ ಆ ದಿನದ್ದನ್ನು ಹಾಗೆಯೇ ತೆಗೆದುಕೊಡುತ್ತದೆ. ಪರ್ಫೋರ್ಸ್ ಎಂಬ ಕಂಪನಿ 1995ರಿಂದ ಇದೇ ಕೆಲಸ ಮಾಡುತ್ತಿದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬುದನ್ನು ಬರೆದು ಪುಕ್ಕಟೆ ಕೊಟ್ಟಿದ್ದಾರೆ. ಗಿಟ್‌ಗೆ ಅಕ್ಷರದ ಮೇಲೆ ಪ್ರೀತಿ. ಇಬ್ಬರು ಒಂದೇ ಪ್ರೋಗ್ರಾಮನ್ನು ತಿದ್ದಿದರೂ ಸಾಲು ಸಾಲು ಹೋಲಿಸಿ ಎರಡನ್ನೂ ಕೂಡಿಸಿ ಕೊಡುತ್ತದೆ. ಚಿತ್ರದ ಮುಂದೆ ಮಾತ್ರ ಅದು ಕೈಕಟ್ಟಿ ನಿಲ್ಲುತ್ತದೆ. ಒಬ್ಬ ಆನೆಯ ಕಿವಿ ಹಿಗ್ಗಿಸಿ, ಇನ್ನೊಬ್ಬ ಅದೇ ಕಿವಿಯನ್ನು ಕಿತ್ತುಹಾಕಿದರೆ ಯಾವ ಸಾಲನ್ನು ಯಾವುದಕ್ಕೆ ಹೋಲಿಸುವುದು? ಅದಕ್ಕೇ ಚಿತ್ರದ ತಂಡಗಳಲ್ಲಿ ಬೀಗದ ಪದ್ಧತಿ ಇದೆ. ಒಬ್ಬ ಫೈಲ್ ಎತ್ತಿಕೊಂಡರೆ ಅವನು ವಾಪಸ್ ಇಡುವ ತನಕ ಉಳಿದವರು ನೋಡಬಹುದು, ತಿದ್ದುವಂತಿಲ್ಲ. ಭಾರದ ಚಿತ್ರಗಳನ್ನು ಗಿಟ್ ಹೊರುವಂತಾಗಲು 2015ರಲ್ಲಿ ಎಲ್‌ಎಫ್‌ಎಸ್ ಎಂಬ ಬಾಲವೊಂದನ್ನೂ ಸೇರಿಸಿದರು.

ದುಡ್ಡಿಲ್ಲ ಎನ್ನುವ ನೆಪಕ್ಕೂ ಜಾಗವಿಲ್ಲ. ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ. ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ಅದರಲ್ಲೇ ‘ಫ್ಲೋ’ ಮಾಡಿ 2025ರ ಮಾರ್ಚಿನಲ್ಲಿ ಆಸ್ಕರ್ ಎತ್ತಿಕೊಂಡು ಹೋದರು. ಲೆಕ್ಕ ಇಡುವ ಸಲಕರಣೆಯೂ ಬಿಟ್ಟಿ, ಚಿತ್ರ ಬರೆಯುವ ಸಲಕರಣೆಯೂ ಬಿಟ್ಟಿ. ಆದರೂ ನಮ್ಮ ತಂಡಗಳು ಒಲ್ಲೆ ಎನ್ನುತ್ತವೆ. ಬಿಟ್ಟಿ ಸಿಕ್ಕರೂ ಬೇಡವೆನ್ನುವ ವಸ್ತು ಈ ಊರಿನಲ್ಲಿ ಇನ್ನೊಂದಿದ್ದರೆ ತೋರಿಸಿ.

ಕಾರಣ ಕೇಳಿದರೆ ಮಾಲೀಕರು ಕಣ್ಣರಳಿಸಿ ಹೇಳುತ್ತಾರೆ: “ಕಲೆಗೆ ಲೆಕ್ಕ ಇಡುವುದೇ? ಕಲೆ ಅಂದರೆ ಹರಿಯುವ ನದಿ.” ಬಹಳ ಸೊಗಸಾದ ಮಾತು. ಇದೇ ಮಾಲೀಕರ ಸ್ಟುಡಿಯೊ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಇರುತ್ತದೆ. ಮನೆಯಲ್ಲಿ ಉಳಿಯದೆ ಇನ್ನೂ ಓಡಾಡುವವರಲ್ಲಿ, ಲೋಕಲ್ ತಡವಾಗಿ ಹತ್ತು ಗಂಟೆ ಏಳು ನಿಮಿಷಕ್ಕೆ ಒಳಗೆ ಬಂದವನಿಗೆ ಲೇಟ್ ಮಾರ್ಕ್. ಮೂರು ಲೇಟ್ ಮಾರ್ಕಿಗೆ ಅರ್ಧ ದಿನದ ಸಂಬಳ ಕಟ್. ಕಲಾವಿದ ಬಂದದ್ದಕ್ಕೆ ನಿಮಿಷದ ಲೆಕ್ಕ, ಅವನು ಮಾಡಿದ ಕಲೆ ಎಲ್ಲಿ ಹೋಯಿತು ಎಂಬುದಕ್ಕೆ ನದಿಯ ಲೆಕ್ಕ.

ಲೆಕ್ಕ ಬೇಡವೆನ್ನುವುದರ ಗುಟ್ಟು ಕೆಲಸದ ನಡುವೆ ಹೊರಬೀಳುತ್ತದೆ. ನಿರ್ದೇಶಕ ಸಾಹೇಬರು ಅಂಧೇರಿಯಿಂದ ಫೋನ್ ಮಾಡುತ್ತಾರೆ.

“ಯಾರ್, ಮಜಾ ನಹೀ ಆಯಾ. ಥೋಡಾ ಪಾಪ್ ಚಾಹಿಯೇ.”

ಹುಡುಗ ಪಾಪ್ ಹಾಕುತ್ತಾನೆ. ಹೆಚ್ಚಾಯಿತು, ತೆಗಿ. ತೆಗೆಯುತ್ತಾನೆ. ಸಪ್ಪೆಯಾಯಿತು, ಆನೆಗೆ ಸ್ವಲ್ಪ ಆಟಿಟ್ಯೂಡ್ ಕೊಡು. ಕೊಡುತ್ತಾನೆ. ಚಾನೆಲ್‌ನವರಿಗೆ ಹಿಡಿಸಲಿಲ್ಲ, ಸೊಂಡಿಲು ನೋಡಿದರೆ ಮಕ್ಕಳು ಹೆದರುತ್ತಾರಂತೆ, ಗಿಡ್ಡ ಮಾಡು. ಮಾಡುತ್ತಾನೆ. ಎಂಟು ದಿನ, ಎಂಟು ರಾತ್ರಿ. ಒಂಬತ್ತನೆಯ ದಿನ ಮತ್ತೆ ಫೋನ್.

“ಸುನ್, ವೋ ಪೆಹಲೇವಾಲಾ ಹೀ ಬೆಸ್ಟ್ ಥಾ. ವಹೀ ಲಗಾ ದೇ.”

ಮೊದಲನೆಯದು! ಅದರ ಮೇಲೆಯೇ ಪಾಪ್ ಹಚ್ಚಿ ಸೇವ್ ಮಾಡಿ ಎಷ್ಟು ಕಾಲವಾಯಿತು! ಹುಡುಗ ರಾತ್ರಿಯಿಡೀ ಕೂತು ನೆನಪಿನಿಂದ ಮೊದಲನೆಯ ಆನೆಯನ್ನು ಮತ್ತೆ ಬರೆಯುತ್ತಾನೆ. ಬೆಳಿಗ್ಗೆ ನೋಡಿದ ಸಾಹೇಬರು ತಲೆದೂಗಿ, “ನೋಡು, ನಾನು ಮೊದಲೇ ಹೇಳಿರಲಿಲ್ಲವಾ?” ಎನ್ನುತ್ತಾರೆ.

ಅವರು ಮೊದಲು ಏನು ಹೇಳಿದ್ದರು ಎಂಬುದು ಎಲ್ಲೂ ಬರೆದಿಲ್ಲ. ಈ ಉದ್ಯಮದ ಅತ್ಯಂತ ಬೆಲೆಬಾಳುವ ಆಸ್ತಿ ಇದೇ. ಗಿಟ್ ಒಂದು ಬಂದು ಕೂತರೆ ಅದರಲ್ಲಿ ದಾಖಲಾಗುತ್ತದೆ: ಸೋಮವಾರ, ಸೊಂಡಿಲು ಉದ್ದ, ಸಾಹೇಬರ ಮಾತಿನಂತೆ. ಮಂಗಳವಾರ, ಸೊಂಡಿಲು ಗಿಡ್ಡ, ಸಾಹೇಬರ ಮಾತಿನಂತೆ. ಶನಿವಾರ, ಸೊಂಡಿಲು ಮತ್ತೆ ಉದ್ದ, ಸಾಹೇಬರ ಮಾತಿನಂತೆ. ಹೀಗೆ ಬರೆದಿಟ್ಟ ಮೇಲೆ ಯಾರು ತಾನೇ ದೂರದೃಷ್ಟಿಯ ನಿರ್ದೇಶಕರಾಗಿ ಉಳಿಯಬಲ್ಲರು?

ಕುಮಾರವ್ಯಾಸನಿಗೆ ಈ ಯಂತ್ರ ಬೇಕಿರಲಿಲ್ಲ. ಹಲಗೆ ಬಳಪ ಹಿಡಿಯದೆ ಬರೆದೆ, ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲ ಎಂದು ಅವನೇ ಹೇಳಿಕೊಂಡಿದ್ದಾನೆ. ಅವನು ಅಳಿಸದಿದ್ದರೇನು, ನಕಲು ಮಾಡಿದವರು ಒಬ್ಬೊಬ್ಬರು ಒಂದೊಂದು ತಿದ್ದಿದರು. ಮುಂದೆ ಸಂಪಾದಕರು ಓಲೆಗರಿಗಳನ್ನೆಲ್ಲ ಮುಂದಿಟ್ಟುಕೊಂಡು ಪಾಠಾಂತರಗಳನ್ನು ಪುಟದ ಬುಡದಲ್ಲಿ ಅಚ್ಚು ಮಾಡಬೇಕಾಯಿತು. ಯಾವ ಪ್ರತಿಯಲ್ಲಿ ಯಾವ ಪದ ಎಂದು ನಮೂದಿಸುವ ಆ ಅಡಿಟಿಪ್ಪಣಿಗಳಲ್ಲಿ ಇರುವ ಶಿಸ್ತು ಇವತ್ತು ಟೆರಾಬೈಟುಗಟ್ಟಲೆ ಜಾಗ ಇರುವ ಸ್ಟುಡಿಯೊಗಳಲ್ಲಿ ಇಲ್ಲ. ನಮ್ಮ ನಿರ್ದೇಶಕರೂ ಕುಮಾರವ್ಯಾಸನಂಥವರೇ, ವ್ಯತ್ಯಾಸ ಸಣ್ಣದು. ಅವನು ಬರೆದದ್ದನ್ನು ಅಳಿಸಲಿಲ್ಲ, ಇವರು ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಇದು ಅಂಧೇರಿಯವರ ರೋಗ, ನಮ್ಮವರಿಗೆ ಅಂಟಿಲ್ಲ ಎಂದು ನಮ್ಮ ಕನ್ನಡಿಗರು ಬೀಗಬೇಕಿಲ್ಲ. ಠಾಣೆಯಿಂದ ಬದಲಾಪುರದವರೆಗಿನ ಯಾವುದೇ ಕನ್ನಡ ಸಂಘದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ತೆಗೆದುಕೊಳ್ಳಿ. ಇಡೀ ಆನಿಮೇಷನ್ ಉದ್ಯಮದ ಸಂಕಟ ಒಂದೇ ಪುಟದಲ್ಲಿ ಅಡಕವಾಗಿರುತ್ತದೆ. ಸಂಘದಲ್ಲಿ ಕಂಪ್ಯೂಟರ್ ಗೊತ್ತಿರುವ ಹುಡುಗ ಒಬ್ಬನೇ. ಅವನಿಗೆ ಚಿತ್ರ ಮಾಡುವ ಕೆಲಸ ಇದೆ ಎಂದು ಯಾರಿಗೋ ಗೊತ್ತಾದ ದಿನದಿಂದ ಅವನ ಭಾನುವಾರಗಳು ಸಂಘದ ಆಸ್ತಿ. ಮೊದಲ ಪ್ರತಿ ಗುಂಪಿಗೆ ಬೀಳುತ್ತದೆ. ಹತ್ತು ಹೆಬ್ಬೆರಳು, ಹದಿನೈದು ಜೋಡಿಸಿದ ಕೈ. ಆಮೇಲೆ ಶುರು.

“ತಮ್ಮಾ, ಉದ್ಘಾಟಕರ ಫೋಟೊ ಅಧ್ಯಕ್ಷರಿಗಿಂತ ಒಂದು ಚೂರು ದೊಡ್ಡದಾದ ಹಾಗೆ ಕಾಣ್ತದೆ.”

“ಅಣ್ಣಾ, ನಿನ್ನೆ ನೀವೇ ದೊಡ್ಡದು ಮಾಡು ಅಂದದ್ದು.”

“ನಾನಾ? ಎಂಥದು ಮಾರಾಯಾ, ಅದು ಕಾರ್ಯದರ್ಶಿ ಹೇಳಿದ್ದಿರಬೇಕು.”

ಕಾರ್ಯದರ್ಶಿಯವರು ಹೇಳಲಿಲ್ಲ. ಕೋಶಾಧಿಕಾರಿಯವರೂ ಹೇಳಲಿಲ್ಲ. ಉದ್ಘಾಟಕರು ತಾವಾಗಿಯೇ ಬೆಳೆದಿರಬೇಕು. ಅಷ್ಟರಲ್ಲಿ ಕೊಡುಗೈ ದಾನಿಯೊಬ್ಬರ ಹೆಸರಿನ ಹಿಂದೆ ಡಾಕ್ಟರೇಟ್ ಸೇರಿಸಬೇಕು, ಇನ್ನೊಬ್ಬರ ಹೆಸರನ್ನು ಸಾಲಿನಲ್ಲಿ ಮೇಲಕ್ಕೆ ಒಯ್ಯಬೇಕು, ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆಯವರ ಹಳೆಯ ಫೋಟೊ ತೆಗೆದು ಇನ್ನೂ ಹಳೆಯ ಫೋಟೊ ಹಾಕಬೇಕು. ಫೈಲು ಪ್ರೆಸ್ಸಿಗೆ ಹೋದರೆ ಅಲ್ಲಿಯ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇಲ್ಲ. ಒತ್ತಕ್ಷರಗಳು ಕೈಬಿಟ್ಟು ಪಕ್ಕದ ಅಕ್ಷರದ ಮನೆಗೆ ನುಗ್ಗುತ್ತವೆ. “ಕರ್ವ್ ಮಾಡಿ ಕಳಿಸಿ” ಎನ್ನುತ್ತಾನೆ ಪ್ರೆಸ್ಸಿನವನು. ಕರ್ವ್ ಮಾಡಿದರೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಚಿತ್ರವಾಗುತ್ತದೆ. ಆಮೇಲೆ ಅಧ್ಯಕ್ಷರ ಹೆಸರಿನ ಒಂದು ದೀರ್ಘ ತಿದ್ದಬೇಕೆಂದರೂ ಕರ್ವ್ ಮಾಡುವ ಮುಂಚಿನ ಪ್ರತಿ ಬೇಕು. ಆ ಪ್ರತಿಯ ಮೇಲೆಯೇ ಸೇವ್ ಒತ್ತಿ ಆಗಿದೆ. ಕಡೆಗೆ ಕಾರ್ಡು ಒಂದು ಪ್ರತಿಯಿಂದ, ಫ್ಲೆಕ್ಸ್ ಇನ್ನೊಂದು ಪ್ರತಿಯಿಂದ, ವಾಟ್ಸಾಪಿಗೆ ಮತ್ತೊಂದು ಪ್ರತಿ. ಮೂರರಲ್ಲೂ ಬೇರೆ ಬೇರೆ ಉದ್ಘಾಟಕರು. ಒಬ್ಬರು ಹೋದ ತಿಂಗಳೇ ರಾಜೀನಾಮೆ ಕೊಟ್ಟವರು. ಸಭಾಂಗಣಕ್ಕೆ ಮೂವರೂ ಬರುತ್ತಾರೆ, ಶಾಲು ಎರಡೇ ಇರುತ್ತದೆ. ಬೈಗುಳ ತಿನ್ನಲು ಮಾತ್ರ ಒಬ್ಬನೇ, ಕಂಪ್ಯೂಟರ್ ಗೊತ್ತಿರುವವನು.

ಪ್ರತಿ ಇಟ್ಟುಕೊಳ್ಳದಿರುವುದರಲ್ಲಿ ನಮಗೆ ದೊಡ್ಡ ಪರಂಪರೆಯೇ ಇದೆ ಎಂಬುದನ್ನು ಒಪ್ಪಬೇಕು. ದಾದಾಸಾಹೇಬ್ ಫಾಲ್ಕೆ 1915ರಲ್ಲಿ ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಸರಿಸಿ, ಫ್ರೇಮು ಫ್ರೇಮಾಗಿ ಚಿತ್ರೀಕರಿಸಿ ‘ಆಗ್‌ಕಾಡ್ಯಾಂಚೀ ಮೌಜ್’ ಮಾಡಿದರು. ಭಾರತದ ಆನಿಮೇಷನ್ ಶುರುವಾದದ್ದು ಅಲ್ಲಿಂದ. ಆ ಚಿತ್ರ ಈಗ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ಚಿತ್ರೀಕರಿಸಿ 1934ರಲ್ಲಿ ತೆರೆಗೆ ತಂದರು; ಅದರ ಪ್ರಿಂಟೂ ಇಲ್ಲ. ನಡುವೆ ಸ್ವಲ್ಪ ಕಾಲ ಮಾತ್ರ ಶಿಸ್ತು ಬಂದಿತ್ತು. ಡಿಸ್ನಿಯಲ್ಲಿ ಪಳಗಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ಹುಡುಗರಿಗೆ ಕೆಲಸ ಕಲಿಸಿದರು. ಮರುವರ್ಷ ‘ಬ್ಯಾನಿಯನ್ ಡೀರ್’ ಚಿತ್ರ ಬಂತು. ಆ ಹುಡುಗರಲ್ಲೊಬ್ಬರಾದ ರಾಮ್ ಮೋಹನ್ ಮುಂದೆ ಭಾರತೀಯ ಆನಿಮೇಷನ್ನಿನ ಹಿರಿಯಜ್ಜನಾದರು. ಕಾಗದದ ಕಾಲದ ಆನಿಮೇಷನ್ನಿನಲ್ಲಿ ಪ್ರತಿ ಚಿತ್ರಕ್ಕೂ ಮೂಲೆಯಲ್ಲಿ ನಂಬರು, ಪಕ್ಕದಲ್ಲಿ ಎಕ್ಸ್‌ಪೋಷರ್ ಶೀಟು: ಯಾವ ಚಿತ್ರ ಎಷ್ಟು ಫ್ರೇಮು ನಿಲ್ಲಬೇಕು, ಯಾವ ಪದರ ಮೇಲೆ, ಯಾವುದು ಕೆಳಗೆ, ಕ್ಯಾಮೆರಾ ಎತ್ತ ಸರಿಯಬೇಕು, ಎಲ್ಲ ಬರಹದಲ್ಲಿ. ತಿದ್ದುಪಡಿ ಬೇಕಾದರೆ ಬೇರೆ ಬಣ್ಣದ ಪೆನ್ಸಿಲ್ ಹಿಡಿಯುತ್ತಿದ್ದರು. ಹಳೆಯ ಗೆರೆ ಅಡಿಯಲ್ಲಿ ಉಳಿಯುತ್ತಿತ್ತು. ಕಂಪ್ಯೂಟರ್ ಬಂತು, ಹಳೆಯ ಗೆರೆಯ ಮೇಲೆ ಹೊಸ ಗೆರೆ ಗುರುತಿಲ್ಲದಂತೆ ಕೂರತೊಡಗಿತು. ನಾವು ಅದನ್ನೇ ಪ್ರಗತಿ ಎಂದೆವು. ಸೆಕೆಂಡಿಗೆ 24 ಫ್ರೇಮಿನಂತೆ ಹನ್ನೊಂದು ನಿಮಿಷದ ಒಂದು ಕಂತಿಗೆ 15,840 ಫ್ರೇಮು. ಇಷ್ಟನ್ನೂ ಒಬ್ಬ ಹುಡುಗನ ನೆನಪಿನ ಮೇಲೆ ಬಿಟ್ಟು ಮಲಗುವ ಧೈರ್ಯ ಪ್ರಗತಿಪರರಿಗೆ ಮಾತ್ರ ಸಾಧ್ಯ.

ಪ್ರತಿ ಇಡುವವರಿಗೆ ಒಂದು ಸರಳ ನಿಯಮ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಬದಲಾಪುರದಲ್ಲೂ ಇದನ್ನು ಪಾಲಿಸುವವರಿದ್ದಾರೆ. ಮೂರೂ ಹಾರ್ಡ್ ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಿ, ತಳಮಹಡಿಯ ಫ್ಲಾಟಿನ ನೆಲದ ಮೇಲೆ ಸಿಪಿಯು ಪಕ್ಕ ಇಟ್ಟಿರುತ್ತಾರೆ. ಉಲ್ಹಾಸ್ ನದಿಗೆ ಈ ನಿಯಮದ ಬಗ್ಗೆ ಯಾರೂ ಹೇಳಿಲ್ಲ. 2019ರ ಜುಲೈ 27ರಂದು ಅದು ಉಕ್ಕಿ ಬಂದು, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿಯ ನಡುವೆ ನೀರಿನಲ್ಲಿ ನಿಂತುಬಿಟ್ಟಿತು; ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿ ಹಾಕಿ ಕರೆತರಬೇಕಾಯಿತು. ರೈಲನ್ನೇ ನಿಲ್ಲಿಸಿದ ನದಿ ನಿಮ್ಮ ಹಾರ್ಡ್ ಡಿಸ್ಕಿನ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬರಲೇ ಎಂದು ಕೇಳುವುದಿಲ್ಲ.

ಅಮೆರಿಕದವರಾದರೂ ನೆಟ್ಟಗಿದ್ದಾರೆಯೇ? ಪಿಕ್ಸಾರ್ ಕಂಪನಿಯಲ್ಲಿ 1998ರಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಸಾಲಿನ ಆದೇಶ ಸರ್ವರಿನಲ್ಲಿದ್ದ ಚಿತ್ರವನ್ನು ಅಳಿಸತೊಡಗಿತು. ಓರೆನ್ ಜೇಕಬ್ ಎಂಬ ತಂತ್ರಜ್ಞರು ನೋಡನೋಡುತ್ತಿದ್ದಂತೆಯೇ ನಾಯಕ ವುಡಿಯ ಟೋಪಿ ಹೋಯಿತು, ಬೂಟು ಹೋಯಿತು. ಯಂತ್ರದ ಕರೆಂಟ್ ಕೀಳುವಷ್ಟರಲ್ಲಿ ನೂರಕ್ಕೆ ತೊಂಬತ್ತು ಪಾಲು ಚಿತ್ರ ಹೋಗಿತ್ತು. ಬ್ಯಾಕಪ್ ಇತ್ತು; ಅದು ಕೆಲಸ ಮಾಡುತ್ತಿಲ್ಲ ಎಂಬುದು ಆಗ ಗೊತ್ತಾಯಿತು. ಕಾಪಾಡಿದ್ದು ಅದೇ ತಂಡದ ಗ್ಯಾಲಿನ್ ಸುಸ್ಮನ್. ಆಕೆ ಬಾಣಂತಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಸೀಟಿಗೆ ಬೆಲ್ಟ್ ಬಿಗಿದು ಸ್ಟುಡಿಯೊಕ್ಕೆ ತಂದರು. ಇಷ್ಟೆಲ್ಲ ಮಾಡಿ ಉಳಿಸಿದ ಚಿತ್ರದ ಕಥೆ ಚೆನ್ನಾಗಿಲ್ಲವೆಂದು ಬಹುಪಾಲನ್ನು ಎಸೆದು ಹೊಸದಾಗಿ ಮಾಡಿದರು. ‘ಮಜಾ ನಹೀ ಆಯಾ’ ಅಂಧೇರಿಯವರ ಸ್ವಂತ ಆವಿಷ್ಕಾರವೇನಲ್ಲ. 2023ರಲ್ಲಿ ಕಂಪನಿ 75 ಜನರನ್ನು ಕೆಲಸದಿಂದ ತೆಗೆಯಿತು. ಆ ಪಟ್ಟಿಯಲ್ಲಿ ಗ್ಯಾಲಿನ್ ಸುಸ್ಮನ್ ಇದ್ದರು. ಕಡತವನ್ನು ಹಿಂದಿನ ಸ್ಥಿತಿಗೆ ತರುವ ಗುಂಡಿ ಯಂತ್ರದಲ್ಲಿದೆ, ನೌಕರಿಯನ್ನು ತರುವ ಗುಂಡಿ ಇಲ್ಲ.

ದೊಡ್ಡ ಕಂಪನಿಗಳು ಆಮೇಲೆ ಪಾಠ ಕಲಿತವು. ಹುಲಿಯ ಒಂದು ಕೂದಲು ಎತ್ತ ಬಾಗಿತ್ತು, ಯಾವ ದಿನ ಬಾಗಿತ್ತು ಎಂದು ಹೇಳಬಲ್ಲಷ್ಟು ಲೆಕ್ಕ ಇಟ್ಟವು. ಆದರೆ ಬದಲಾವಣೆಗೆ ದುಡ್ಡು ಕೊಡುವವರು ಯಾರು ಎಂಬ ಒಂದು ಕಾಲಮ್ಮನ್ನು ಖಾಲಿ ಬಿಟ್ಟವು. ಗ್ರಾಫಿಕ್ಸ್ ಕಂಪನಿಗಳು ಒಂದೇ ಮೊತ್ತಕ್ಕೆ ಗುತ್ತಿಗೆ ಹಿಡಿಯುತ್ತವೆ. ನಿರ್ದೇಶಕರ ಮನಸ್ಸು ಎಷ್ಟು ಸಲ ಬದಲಾದರೂ ಮೊತ್ತ ಬದಲಾಗುವುದಿಲ್ಲ. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಮಾಡಿದ ರಿದಮ್ ಆ್ಯಂಡ್ ಹ್ಯೂಸ್ ಇದೇ ವ್ಯವಸ್ಥೆಯಲ್ಲಿ ಸವೆಯಿತು. ಅದಕ್ಕೆ ಮುಂಬೈಯಲ್ಲೂ ಹೈದರಾಬಾದಿನಲ್ಲೂ ಸ್ಟುಡಿಯೊ ಇತ್ತು. 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳ 24ರಂದು ಆ ಹುಲಿಗೆ ಆಸ್ಕರ್ ಬಂತು. ವೇದಿಕೆಯ ಮೇಲೆ ತಂಡದ ಮುಖ್ಯಸ್ಥರು ಕಂಪನಿಯ ಕಷ್ಟ ಹೇಳಲು ಬಾಯಿ ತೆರೆದಾಗ ‘ಜಾಸ್’ ಚಿತ್ರದ ಶಾರ್ಕಿನ ಸಂಗೀತ ಹಾಕಿ ಮೈಕ್ ಕತ್ತರಿಸಿದರು. ಹುಲಿ ಮಾಡಿದವನನ್ನು ಶಾರ್ಕ್ ನುಂಗಿತು.

ನಮ್ಮ ಬೆಂಗಳೂರಿನ ಕಥೆ ಇನ್ನೂ ಹಸಿ. ಟೆಕ್ನಿಕಲರ್ ಕಂಪನಿ 2025ರ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ಕುಸಿದಾಗ ಬೆಂಗಳೂರು, ಮುಂಬೈಗಳ ಸಾವಿರಾರು ಕಲಾವಿದರು ರಾತ್ರೋರಾತ್ರಿ ಬೀದಿಗೆ ಬಂದರು. ಆಸ್ಕರ್ ಪಡೆದ ‘ಜಂಗಲ್ ಬುಕ್’ಗೆ ಅದರ ಎಂಪಿಸಿ ವಿಭಾಗದ ಬೆಂಗಳೂರಿನ ಕೈಗಳೂ ದುಡಿದಿದ್ದವು. ಯಾವ ಎಲೆಯನ್ನು ಯಾರು ಅಲುಗಾಡಿಸಿದರು ಎಂಬ ದಾಖಲೆ ಕಂಪನಿಯ ಸರ್ವರಿನಲ್ಲಿ ಭದ್ರವಾಗಿತ್ತು. ದಾಖಲೆಯಲ್ಲಿ ಹೆಸರಿದ್ದವನ ಬಳಿ ಹೊಸ ಕೆಲಸ ಕೇಳಲು ತೋರಿಸಬೇಕೆಂದರೆ ಒಂದು ತುಣುಕೂ ಇಲ್ಲ, ಗೋಪ್ಯತೆಯ ಕರಾರಿಗೆ ಸಹಿ ಹಾಕಿರುತ್ತಾನೆ. ಪರದೆಯ ಮೇಲಿನ ಹೆಸರಿನ ಪಟ್ಟಿಯಲ್ಲೂ ಹೊರಗುತ್ತಿಗೆಯವರ ಸರದಿ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಸಣ್ಣವರಲ್ಲಿ ಲೆಕ್ಕವೇ ಇಲ್ಲ, ದೊಡ್ಡವರಲ್ಲಿ ಲೆಕ್ಕ ಇದೆ, ಅದರ ಕೀಲಿಕೈ ದುಡಿದವನಲ್ಲಿಲ್ಲ. ಎರಡರಲ್ಲೂ ಹಾಲು ಒಬ್ಬರಿಗೆ, ಸಗಣಿ ಇನ್ನೊಬ್ಬರಿಗೆ.

ಆದ್ದರಿಂದ ಬದಲಾಪುರದ ಹುಡುಗರೇ, ವರ್ಷನ್ ಕಂಟ್ರೋಲ್ ಎಂದರೆ ಕಂಪ್ಯೂಟರಿನ ಪಾಠ ಎಂದುಕೊಂಡು ಆಕಳಿಸಬೇಡಿ. ಅದು ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ. ನಿಮ್ಮ ಒಪ್ಪಂದದಲ್ಲಿ ‘ಮೂರು ತಿದ್ದುಪಡಿ ಉಚಿತ’ ಎಂಬ ಸಾಲು ಇದ್ದೇ ಇರುತ್ತದೆ. ನಾಲ್ಕನೆಯದು ಯಾವುದು ಎಂದು ತೋರಿಸಲು ನಿಮ್ಮ ಹತ್ತಿರ ಪುಸ್ತಕ ಇರುವುದಿಲ್ಲ, ಹಾಗಾಗಿ ಹದಿನಾಲ್ಕನೆಯದೂ ಮೂರನೆಯದೇ ಆಗುತ್ತದೆ. ಸಾಹೇಬರು ಫೋನಿನಲ್ಲಿ ಹೇಳಿದ್ದನ್ನು ಅವರ ಹೆಸರು ತಾರೀಕಿನ ಸಮೇತ ದಾಖಲೆಗೆ ಏರಿಸಿ, ಅದರ ಒಂದು ಪ್ರತಿಯನ್ನು ನಮ್ರವಾಗಿ ಅವರಿಗೇ ಕಳಿಸಿ. ನಾಲ್ಕನೆಯ ತಿದ್ದುಪಡಿಯಿಂದ ಒಂದೊಂದಕ್ಕೆ ಇಷ್ಟು ರೂಪಾಯಿ ಎಂದು ಕೆಳಗೆ ಒಂದು ಸಾಲು ಸೇರಿಸಿ. ಮೊದಲನೆಯದೇ ಚೆನ್ನಾಗಿತ್ತು ಎಂಬ ಜ್ಞಾನೋದಯ ಅವರಿಗೆ ಮೊದಲ ದಿನವೇ ಆಗುತ್ತದೆ.